ಮಗನ ಫೈಲಿನಲ್ಲಿ ನನ್ನದೇ ಕಥೆ

*ನನಗೆ 36 ವರ್ಷ. ಗದಗ ಕಡೆಯ ಹೈಸ್ಕೂಲೊಂದರಲ್ಲಿ ಟೀಚರ್. ಹೋದ ತಿಂಗಳು ಎಂಟು ವರ್ಷದ ಮಗನಿಗೆ ಎಡಿಎಚ್‌ಡಿ (ಗಮನ ನಿಲ್ಲದಿರುವ, ಚಡಪಡಿಕೆಯ ತೊಂದರೆ) ಇದೆ ಎಂದರು. ಡಾಕ್ಟರು ಅವನ ಬಗ್ಗೆ ಕೇಳಿದ ಒಂದೊಂದು ಪ್ರಶ್ನೆಗೂ ನನ್ನ ಎದೆ ಧಸಕ್ಕೆನ್ನುತ್ತಿತ್ತು, ಎಲ್ಲವೂ ನನ್ನದೇ. ಹಾಲು ಒಲೆ ಮೇಲಿಟ್ಟು ಮರೆಯುತ್ತೇನೆ. ಉತ್ತರಪತ್ರಿಕೆ ತಿದ್ದಲು ಕೊನೆಯ ರಾತ್ರಿವರೆಗೂ ಕೂರಲಾಗುವುದಿಲ್ಲ, ಆಮೇಲೆ ಬೆಳಗಿನ ಜಾವ ಮೂರರವರೆಗೆ ತಿದ್ದುತ್ತೇನೆ. ‘ಸೋಮಾರಿತನಕ್ಕೆ ಹೊಸ ಹೆಸರು ಸಿಕ್ಕಿತು’ ಅಂತಾರೆ ಯಜಮಾನರು. ಈ ವಯಸ್ಸಿನಲ್ಲಿ ಪರೀಕ್ಷೆ ಮಾಡಿಸಬೇಕೇ? ಕೆಲಸಕ್ಕೆ ತೊಂದರೆಯಾದರೆ?*

ಮಾಡಿಸಿ, ಅಮ್ಮಾ. ಬೆಳಗಿನ ಜಾವ ಮೂರರವರೆಗೆ ಕೂತು ಕಟ್ಟು ಮುಗಿಸುವವರನ್ನು ಸೋಮಾರಿ ಎನ್ನಲು ನನಗಂತೂ ಬಾಯಿ ಬರುವುದಿಲ್ಲ. ಆ ಮಾತನ್ನು ಮೂವತ್ತು ವರ್ಷದಿಂದ ನೀವೇ ನಿಮಗೆ ಹೇಳಿಕೊಂಡಿರಬೇಕು, ಅದಕ್ಕೇ ಯಜಮಾನರು ಅಂದಾಗ ಅಷ್ಟು ನಾಟಿದೆ.

ಎಡಿಎಚ್‌ಡಿ ಮನೆತನದಲ್ಲಿ ಹರಿದು ಬರುವಂಥದ್ದು. ಮಗುವನ್ನು ತೋರಿಸಲು ಹೋಗಿ ತಮ್ಮನ್ನೇ ಕಂಡುಕೊಂಡ ತಂದೆತಾಯಂದಿರು ಬಹಳ ಮಂದಿ. ಚಿಕ್ಕಂದಿನಲ್ಲಿ ಯಾಕೆ ಗೊತ್ತಾಗಲಿಲ್ಲ? ಬೆಂಚಿನಿಂದ ಬೆಂಚಿಗೆ ಹಾರುವ ಹುಡುಗ ಮೇಷ್ಟ್ರ ಕಣ್ಣಿಗೆ ಬೀಳುತ್ತಾನೆ. ಕಿಟಕಿಯಾಚೆ ಬೇವಿನಮರ ನೋಡುತ್ತಾ ಕಳೆದುಹೋಗುವ ಹುಡುಗಿಯಿಂದ ಯಾರಿಗೂ ತೊಂದರೆಯಿಲ್ಲ. ಅವಳ ಪ್ರಗತಿಪತ್ರದಲ್ಲಿ ‘ಬುದ್ಧಿವಂತೆ, ಗಮನ ಸಾಲದು’ ಎಂದು ಬರೆದು ಸಹಿ ಹಾಕುತ್ತಾರೆ. ನಿಮ್ಮ ತರಗತಿಯಲ್ಲೂ ಅಂಥವಳೊಬ್ಬಳು ಇರಬಹುದು.

ಆ ಪ್ರಗತಿಪತ್ರವೇ ಈಗ ಕೆಲಸಕ್ಕೆ ಬರುತ್ತದೆ. ದೊಡ್ಡವರಲ್ಲಿ ಇದನ್ನು ಗುರುತಿಸಲು ಕೆಲವು ಲಕ್ಷಣಗಳಾದರೂ 12 ವರ್ಷಕ್ಕೆ ಮುಂಚೆಯೇ ಇದ್ದವೇ ಎಂದು ನೋಡುತ್ತಾರೆ. ಮನೆ, ಕೆಲಸ ಎರಡೂ ಕಡೆ ಬಾಧಿಸುತ್ತಿದೆಯೇ ಎಂದೂ ಕೇಳುತ್ತಾರೆ. ತವರಿನ ಟ್ರಂಕಿನಲ್ಲಿ ಹಳೆಯ ಕಾರ್ಡುಗಳಿದ್ದರೆ ಹುಡುಕಿ. ನಿಮ್ಮನ್ನು ಚಿಕ್ಕಂದಿನಲ್ಲಿ ಕಂಡ ತಾಯಿಯೋ ಅಣ್ಣನೋ ಜೊತೆಗೆ ಬಂದರೆ ಇನ್ನೂ ಒಳ್ಳೆಯದು. ಮೊಬೈಲಿನಲ್ಲಿ ಸಿಗುವ ಆರು ಪ್ರಶ್ನೆಗಳ ಪಟ್ಟಿ ಡಾಕ್ಟರ ಹತ್ತಿರ ಹೋಗಬೇಕೇ ಎಂದು ತಿಳಿಯುವುದಕ್ಕೆ ಮಾತ್ರ. ಸ್ಕ್ಯಾನ್‌ನಲ್ಲಿ ಇದು ಕಾಣುವುದಿಲ್ಲ. ಆದರೆ ಥೈರಾಯ್ಡ್, ರಕ್ತಹೀನತೆ ನೋಡಲು ರಕ್ತ ತೆಗೆದರೆ ಬೇಡ ಅನ್ನಬೇಡಿ. ನಿದ್ದೆಗೇಡು, ಖಿನ್ನತೆ, ಆತಂಕ ಕೂಡ ಮರೆವು ತರುತ್ತವೆ.

ಹಾಗಾಗಿ ‘ಎಡಿಎಚ್‌ಡಿ ಅಲ್ಲ’ ಎನ್ನುವ ಉತ್ತರವೂ ಬರಬಹುದು. ಬಂದರೆ ನೀವು ನಾಟಕವಾಡಿದಿರಿ ಅಂತಲ್ಲ, ನಿಮ್ಮ ಕಷ್ಟಕ್ಕೆ ಬೇರೆ ಕಾರಣವಿದೆ ಅಂತ.

ನಿಮಗೆ ಹತ್ತಿರದ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಧಾರವಾಡದ ಡಿಮ್ಹಾನ್ಸ್. ಬೆಂಗಳೂರಾದರೆ ನಿಮ್ಹಾನ್ಸ್. ದೊಡ್ಡವರ ಎಡಿಎಚ್‌ಡಿ ನೋಡಿ ಅಭ್ಯಾಸವಿರುವ ಮನೋವೈದ್ಯರು ಯಾರೆಂದು ಮೊದಲೇ ಕೇಳಿ. ಅದಕ್ಕೂ ಮುಂಚೆ ಯಾರ ಜೊತೆಗಾದರೂ ಮಾತಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಶಾಲೆಗೆ ನೀವಾಗಿ ಹೇಳಬೇಕಿಲ್ಲ. ಚಿಕಿತ್ಸೆಯ ವಿವರ ಗೋಪ್ಯವಾಗಿರಬೇಕೆಂಬುದು 2017ರ ಮಾನಸಿಕ ಆರೋಗ್ಯ ಕಾಯ್ದೆ ಕೊಟ್ಟ ಹಕ್ಕು.

ಮಾತ್ರೆಯ ಭಯವೂ ಇರಬಹುದು. ಎಡಿಎಚ್‌ಡಿಗೆ ಕೊಡುವ ಮಿಥೈಲ್‌ಫೆನಿಡೇಟ್‌ನಂಥ ಔಷಧವನ್ನು ಬಿಪಿ, ಹೃದಯ ನೋಡಿಕೊಂಡು, ಕಟ್ಟುನಿಟ್ಟಿನ ಚೀಟಿಯ ಮೇಲಷ್ಟೇ ಕೊಡುತ್ತಾರೆ. ಮಗನ ಮಾತ್ರೆಯನ್ನು ನೀವು ರುಚಿ ನೋಡಲು ಹೋಗಬೇಡಿ. ತೆಗೆದುಕೊಳ್ಳುವುದೋ ಬಿಡುವುದೋ ಆಮೇಲೆ ಡಾಕ್ಟರ ಜೊತೆ ಕೂತು ತೀರ್ಮಾನಿಸಿ.

ಯಜಮಾನರನ್ನು ಒಪ್ಪಿಸಿಯೇ ಹೊರಡಬೇಕೆಂದು ಕಾಯಬೇಡಿ. ಎರಡನೇ ಸಲಕ್ಕೆ ಕರೆದುಕೊಂಡು ಹೋಗಿ. ನೀವು ಹೇಳಿದರೆ ನೆಪವೆನಿಸುವುದು ಡಾಕ್ಟರ ಬಾಯಲ್ಲಿ ಕೇಳಿದಾಗ ಅವರಿಗೂ ಬೇರೆಯಾಗಿ ಕೇಳಿಸೀತು. ಅಮ್ಮನನ್ನು ಅಪ್ಪ ಸೋಮಾರಿ ಅನ್ನುವುದನ್ನು ಆ ಎಂಟು ವರ್ಷದವನೂ ಕೇಳಿಸಿಕೊಳ್ಳುತ್ತಿದ್ದಾನೆ ಎಂಬುದನ್ನು ಮಾತ್ರ ಅವರಿಗೆ ಇವತ್ತೇ ಹೇಳಿ.

ಡಾಕ್ಟರ ಮುಂದೆ ಕೂತಾಗ ಅರ್ಧ ಮರೆತುಹೋಗುತ್ತದೆ. ನನಗೆ ಬರೆದ ಈ ಪತ್ರವನ್ನೇ ಕೈಚೀಲದಲ್ಲಿಟ್ಟುಕೊಂಡು ಹೋಗಿ, ಅವರ ಕೈಗೆ ಕೊಡಿ.