ಆಟದ ಕಟ್ಟೆ: ಮೂರು ಕಡೆ ಕದನ, ಕುಮಕು ಎಲ್ಲಿ?

ಈ ಸಲದ ಪತ್ರಗಳಲ್ಲಿ ಹಡಗಿನ ಆಟಗಳದ್ದೇ ಕಾರುಬಾರು. ಸಮುದ್ರ ಇಲ್ಲದ ಊರುಗಳವರಿಗೆ ಈ ಹುಚ್ಚು ಜಾಸ್ತಿ ಅನಿಸುತ್ತದೆ. ನಾನೂ ವಿಜಯಪುರದವನೇ, ಆಲಮಟ್ಟಿ ಹಿನ್ನೀರು ಬಿಟ್ಟರೆ ದೊಡ್ಡ ನೀರು ಕಂಡವನಲ್ಲ, ಹಾಗಾಗಿ ನಗುವ ಹಕ್ಕು ನನಗೂ ಇಲ್ಲ.

ಪ್ರಶ್ನೆ: ಸರ್, ನಾವು ನಾಲ್ಕು ಜನ ಭಾನುವಾರ ‘ಆಕ್ಸಿಸ್ ಅಂಡ್ ಅಲೈಸ್’ ಅನ್ನುವ ಯುದ್ಧದ ಹಲಗೆ ಆಟ ಆಡುತ್ತೇವೆ. ಹೋದ ವಾರ ಒಂದೇ ಪಾಳಿಯಲ್ಲಿ ಕಡಲಿನ ಮೂರು ಕಡೆ ದಾಳಿ ಇಟ್ಟೆ. ಮೊದಲನೆಯದರಲ್ಲಿ ನನ್ನ ಎರಡು ಕ್ರೂಸರ್ ಹಡಗುಗಳು ಗೆದ್ದವು, ಒಂದು ಗೀರೂ ಬೀಳಲಿಲ್ಲ. ಹಲಗೆಯ ಪಕ್ಕದ ಮನೆಯಲ್ಲೇ ನನ್ನ ಇನ್ನೊಂದು ಪಡೆ ಒದ್ದಾಡುತ್ತಿತ್ತು. ಕ್ರೂಸರ್ ಅಲ್ಲಿಗೆ ಕಳಿಸುತ್ತೇನೆ ಅಂದರೆ ನಮ್ಮ ಕಾಕಾ ಬಿಲ್‌ಕುಲ್ ಒಪ್ಪಲಿಲ್ಲ. ಯಾರು ಸರಿ? (ಟಿಳಕವಾಡಿ, ಬೆಳಗಾವಿ)

ಉತ್ತರ: ಕಾಕಾ ಅವರೇ ಸರಿ. ಈ ಆಟದಲ್ಲಿ ದಾಳಿಗೆ ಹೋಗುವ ಹಡಗುಗಳನ್ನೆಲ್ಲ ಮೊದಲು ನಡೆಸಿ ಮುಗಿಸಬೇಕು, ಆಮೇಲೆ ದಾಳ ಕೈಗೆ. ನಮಗಿರುವುದು ಎರಡೇ ಕೈ, ಅದಕ್ಕೆ ಮೂರು ಕದನಗಳನ್ನು ಒಂದಾದ ಮೇಲೊಂದು ಬಿಡಿಸುತ್ತೇವೆ, ಅಷ್ಟೇ. ಆಟದ ಲೆಕ್ಕದಲ್ಲಿ ಮೂರೂ ಒಂದೇ ಹೊತ್ತಿಗೆ ನಡೆಯುತ್ತಿವೆ. ನಿಮ್ಮ ಕ್ರೂಸರ್‌ಗಳು ಗೆದ್ದ ಗಳಿಗೆಯಲ್ಲೇ ಪಕ್ಕದ ಪಡೆಯೂ ಗುಂಡು ತಿನ್ನುತ್ತಿದೆ. ಕದನ ಮುಗಿದ ಮೇಲೆ ಇನ್ನೊಂದು ಸುತ್ತು ನಡೆಸುವ ಅವಕಾಶ ಇದೆಯಲ್ಲ, ಅದು ಕಾದಾಡದೆ ಉಳಿದ ಹಡಗುಗಳಿಗೆ. ಕಾದಾಡಿದವು ಇದ್ದಲ್ಲೇ ಇರಬೇಕು. ವಿಮಾನಕ್ಕೆ ಮಾತ್ರ ವಿನಾಯಿತಿ, ಅದೂ ಇಳಿಯುವುದಕ್ಕೆ. ಹೊಸದಾಗಿ ಕೊಂಡ ಹಡಗು ಪಾಳಿಯ ಕೊನೆಗೆ ನೀರಿಗೆ ಇಳಿಯುತ್ತದೆ, ಅಂದರೆ ಅದೂ ಈ ಜಗಳಕ್ಕೆ ಸಿಗುವುದಿಲ್ಲ.

ಒಂದು ಕದನದ ಒಳಗೂ ಇದೇ ನ್ಯಾಯ. ನಿಮ್ಮ ಕ್ರೂಸರ್ ದಾಳದಲ್ಲಿ 3 ಅಥವಾ ಅದಕ್ಕಿಂತ ಕಡಿಮೆ ಹಾಕಿ ಎದುರಿನ ಡೆಸ್ಟ್ರಾಯರ್‌ಗೆ ಹೊಡೆಯಿತು ಅನ್ನಿ. ಡೆಸ್ಟ್ರಾಯರ್ ತಕ್ಷಣ ಡಬ್ಬಿಗೆ ಹೋಗುವುದಿಲ್ಲ. ಸಾಯುವ ಮುಂಚೆ ಅದೂ ಒಂದು ದಾಳ ಹಾಕುತ್ತದೆ, 1 ಅಥವಾ 2 ಬಿದ್ದರೆ ನಿಮ್ಮದೂ ಹೋಯಿತು. ಸಬ್‌ಮರೀನ್ ಒಂದೇ ಕಳ್ಳ. ಎದುರು ಡೆಸ್ಟ್ರಾಯರ್ ಇಲ್ಲದಿದ್ದರೆ ಅದು ಮೊದಲು ಹೊಡೆದು, ತಿರುಗಿ ಹೊಡೆಯುವ ಮುಂಚೆಯೇ ಎದುರಿನವನನ್ನು ಮುಳುಗಿಸುತ್ತದೆ.

ಹಾಗಾದರೆ ಯಾವ ಕದನ ಮೊದಲು ಬಿಡಿಸಿದರೂ ಒಂದೇನಾ? ಅಲ್ಲ. ವಿಮಾನವಾಹಕ ಹಡಗು ಇರುವ ಕದನವನ್ನು ಮೊದಲು ಮುಗಿಸಿ. ಅದು ಮುಳುಗಿದರೆ ನಿಮ್ಮ ವಿಮಾನಗಳಿಗೆ ಇಳಿಯಲು ಜಾಗ ಇಲ್ಲ, ಬೇರೆ ಜಾಗ ಸಿಗದಿದ್ದರೆ ಅವೂ ಹೋದವು. ಆ ಸುದ್ದಿ ಮೊದಲೇ ಗೊತ್ತಾದರೆ ಎರಡನೇ ಕದನದಲ್ಲಿ ಹಠ ಹಿಡಿಯಬೇಕಾ, ಹಿಂದೆ ಸರಿಯಬೇಕಾ ಅಂತ ನೋಡಿಕೊಳ್ಳಬಹುದು. ಹಡಗು ಕಳಿಸುವಂತಿಲ್ಲ, ಬುದ್ಧಿ ಕಳಿಸಬಹುದು ಅನ್ನಿ.

ಅಂದಹಾಗೆ ಕಾಕಾ ಅವರು ಹೀಗೆ ನೆರವು ಕಳಿಸುವುದಕ್ಕೆ ‘ಕುಮಕ’ ಅಂದರಂತೆ, ನೀವು ನಕ್ಕಿರಂತೆ. ನಗಬೇಡಿ. ಮರಾಠಿಯಲ್ಲಿ ನೆರವಿಗೆ ಬರುವ ಪಡೆಗೆ ಇವತ್ತಿಗೂ ಅದೇ ಮಾತು. ನಮ್ಮ ‘ಕುಮ್ಮಕ್ಕು’ ಕೂಡ ಅದೇ ಮೂಲದ್ದು, ನಮ್ಮಲ್ಲಿ ಅದು ಜಗಳ ಹಚ್ಚುವವರ ಪಾಲಾಗಿದೆ.

ಪ್ರಶ್ನೆ: ನಾನು ಕಂಪ್ಯೂಟರಿನಲ್ಲಿ ಆಡುವವನು. ಶತ್ರುವಿನಷ್ಟೇ ಹಡಗು ನನ್ನ ಹತ್ತಿರವೂ ಇರುತ್ತವೆ. ಕದನ ಶುರುವಾದ ಮೇಲೆ ಬಂದರುಗಳಿಂದ ಗುಂಪು ಗುಂಪಾಗಿ ನೆರವು ಕಳಿಸುತ್ತಲೇ ಇರುತ್ತೇನೆ. ಆದರೂ ಪ್ರತಿ ಸಲ ಹೀನಾಯ ಸೋಲು. ಆಟದಲ್ಲೇ ಏನೋ ಮೋಸ ಇದೆ ಅಲ್ವಾ? (ನವನಗರ, ಬಾಗಲಕೋಟೆ)

ಉತ್ತರ: ಮೋಸ ಇಲ್ಲ, ವರ್ಗಮೂಲ ಇದೆ. ಫ್ರೆಡರಿಕ್ ಲ್ಯಾಂಚೆಸ್ಟರ್ ಅನ್ನುವ ಇಂಗ್ಲಿಷ್ ಎಂಜಿನಿಯರ್ 1916ರ ಹೊತ್ತಿಗೆ ಬರೆದಿಟ್ಟ ಲೆಕ್ಕ ಇದು. ಎಲ್ಲರೂ ಎಲ್ಲರ ಮೇಲೂ ಗುಂಡು ಹಾರಿಸಬಹುದಾದ ಕಡೆ ಪಡೆಯ ಬಲ ಅದರ ಸಂಖ್ಯೆಯ ವರ್ಗದಷ್ಟು. ಪೆನ್ಸಿಲ್ ತಗೊಳ್ಳಿ. ನಿಮ್ಮದು 10 ಹಡಗು, ಅವನದು 10. ಎಲ್ಲ ಒಟ್ಟಿಗೆ ನಿಂತರೆ ಸರಿಸಮ. ಈಗ ನೀವು ಮೊದಲು 5 ಕಳಿಸಿದಿರಿ. ಅವನ 100ರಲ್ಲಿ ನಿಮ್ಮ 25 ಕಳೆದರೆ 75, ಅದರ ವರ್ಗಮೂಲ 8.7. ನಿಮ್ಮ ಐದೂ ಮುಳುಗಿದವು, ಅವನಿಗೆ ಹೋದದ್ದು ಸುಮಾರು 1.3 ಹಡಗಿನಷ್ಟು. ಆಮೇಲೆ ಉಳಿದ 5 ಓಡಿ ಬಂದವು. 75ರಲ್ಲಿ 25 ಕಳೆದರೆ 50, ವರ್ಗಮೂಲ 7. ನಿಮ್ಮ ಹತ್ತೂ ತಳ ಸೇರಿದವು, ಅವನ ಏಳು ಇನ್ನೂ ತೇಲುತ್ತಿವೆ! ಎಲ್ಲ ಆಟಗಳೂ ಇದೇ ಸೂತ್ರ ಇಟ್ಟಿರುವುದಿಲ್ಲ, ಆದರೆ ಜಾಸ್ತಿ ಹಡಗು ಜಾಸ್ತಿ ಗುಂಡು ಹಾರಿಸುವ ಆಟ ಯಾವುದಿದ್ದರೂ ಫಲಿತಾಂಶ ಈ ಕಡೆಗೇ ವಾಲುತ್ತದೆ.

ನಿಜವಾದ ಸಮುದ್ರದಲ್ಲೂ ಹೀಗೇ ಆಗಿದೆ. 1944ರ ಅಕ್ಟೋಬರ್ 23ರಿಂದ 26ರವರೆಗೆ ಫಿಲಿಪೀನ್ಸ್ ಸುತ್ತ ನಡೆದ ಲೇಟೆ ಕೊಲ್ಲಿಯ ಯುದ್ಧ ಅಂದರೆ ನಾಲ್ಕು ಬೇರೆ ಬೇರೆ ಕದನಗಳು. ಸುರಿಗಾವ್ ಜಲಸಂಧಿಯಲ್ಲಿ ಜಪಾನಿನ ನಿಶಿಮುರಾ ತನ್ನ ಪಡೆ ಹಿಡಿದು ರಾತ್ರಿ ನುಗ್ಗಿದ. ಆ ತುದಿಯಲ್ಲಿ ಅಮೆರಿಕದ 6 ಯುದ್ಧನೌಕೆಗಳು ಅಡ್ಡಗಟ್ಟಿ ಕಾದಿದ್ದವು. ನಿಶಿಮುರಾ ಹಡಗಿನೊಂದಿಗೇ ಮುಳುಗಿದ. ಹಿಂದೆ ಬರುತ್ತಿದ್ದ ಶಿಮಾ ಪಡೆ ತಲುಪುವಷ್ಟರಲ್ಲಿ ನೆರವು ಕೊಡೋಣ ಅಂದರೆ ಅಲ್ಲಿ ಉಳಿದವರೇ ಕಡಿಮೆ. ಕತ್ತಲಲ್ಲಿ ಶಿಮಾನ ‘ನಾಚಿ’ ಅನ್ನುವ ಕ್ರೂಸರ್, ಉರಿಯುತ್ತಿದ್ದ ತಮ್ಮದೇ ‘ಮೊಗಾಮಿ’ ಹಡಗಿಗೆ ಡಿಕ್ಕಿ ಹೊಡೆಯಿತು. ಅವನು ವಾಪಸ್ ಹೊರಟ. ನೀವು ಮಾಡುತ್ತಿರುವುದು ಇದೇ, ಸ್ವಾಮಿ.

ಗೆದ್ದವರೂ ಎಡವಿದರು. ಅಮೆರಿಕದ ಹಾಲ್ಸಿ, ಆಮಿಷಕ್ಕೆ ಬಿಟ್ಟಿದ್ದ ಜಪಾನಿನ ಒಝಾವಾನ ವಿಮಾನವಾಹಕಗಳ ಬೆನ್ನುಹತ್ತಿ ಉತ್ತರಕ್ಕೆ ಹೋಗಿಬಿಟ್ಟ. ಕಾವಲಿಲ್ಲದ ಸ್ಯಾನ್ ಬರ್ನಾರ್ಡಿನೋ ಜಲಸಂಧಿ ದಾಟಿ ಜಪಾನಿನ ಕುರಿಟಾ ಯಾಮಾಟೋದಂಥ ದೈತ್ಯ ಯುದ್ಧನೌಕೆಯ ಜೊತೆ ಬಂದು ಸಮಾರ್ ದ್ವೀಪದ ಬಳಿ ಅಮೆರಿಕದ ಸಣ್ಣ ಸಣ್ಣ ಹಡಗುಗಳ ಮೇಲೆ ಬಿದ್ದ. ಸಹಾಯಕ್ಕೆ ಕೂಗು ಹೋಯಿತು, ಹಾಲ್ಸಿ ಯುದ್ಧನೌಕೆಗಳನ್ನು ದಕ್ಷಿಣಕ್ಕೆ ತಿರುಗಿಸಿದ. ಉತ್ತರದ ಕದನಕ್ಕೂ ಅವು ಆಗಲಿಲ್ಲ, ದಕ್ಷಿಣಕ್ಕೆ ತಲುಪುವಷ್ಟರಲ್ಲಿ ಕುರಿಟಾನೂ ಇರಲಿಲ್ಲ. ಎರಡು ಕದನಗಳ ನಡುವೆ ಸುಮ್ನೆ ಓಡಾಡಿದ ಹಡಗುಗಳನ್ನು ಆ ದಿನದ ಲೆಕ್ಕದಲ್ಲಿ ಸೊನ್ನೆ ಅಂತಲೇ ಹಿಡಿಯಬೇಕು.

ನನ್ನ ಸಲಹೆ: ಮೊದಲ ಗುಂಪು ಶತ್ರುವನ್ನು ಕಂಡ ಕೂಡಲೇ ನಿಂತು ಕಾದಾಡದೆ ನೆರವು ಬರುವ ದಿಕ್ಕಿಗೇ ಹಿಂದೆ ಸರಿಯಲಿ. 1916ರ ಮೇ 31ರಂದು ಜಟ್‌ಲೆಂಡ್‌ನಲ್ಲಿ ಬ್ರಿಟನ್ನಿನ ಬೀಟಿ ಜರ್ಮನರನ್ನು ಬೆನ್ನಿಗೆ ಕಟ್ಟಿಕೊಂಡು ಹೀಗೇ ಉತ್ತರಕ್ಕೆ ಓಡಿ, ಜೆಲಿಕೋನ ದೊಡ್ಡ ಪಡೆಯ ಮುಂದೆ ತಂದು ನಿಲ್ಲಿಸಿದ.

ಪ್ರಶ್ನೆ: ‘ಡಿಪ್ಲೊಮಸಿ’ ಹಲಗೆ ಆಟದಲ್ಲಿ ಇಂಗ್ಲಿಷ್ ಚಾನಲ್‌ನಿಂದ ನಾರ್ತ್ ಸೀ ಮೇಲೆ ದಾಳಿ ಮಾಡಿದೆ. ನಾರ್ವೇಜಿಯನ್ ಸೀಯಲ್ಲಿದ್ದ ನನ್ನದೇ ಹಡಗು ಬೆಂಬಲ ಕೊಡುತ್ತಿತ್ತು. ಆದರೂ ದಾಳಿ ಬಿದ್ದುಹೋಯಿತು. ಹೇಗೆ? (ವಿಜಯಪುರ)

ಉತ್ತರ: ಬ್ಯಾರೆಂಟ್ಸ್ ಸೀಯಂಥ ಪಕ್ಕದ ಜಾಗದಿಂದ ಯಾರೋ ನಿಮ್ಮ ಬೆಂಬಲದ ಹಡಗನ್ನು ಚುಚ್ಚಿರಬೇಕು. 1959ರಿಂದ ಮಾರಾಟದಲ್ಲಿರುವ ಈ ಆಟದಲ್ಲಿ ದಾಳವೇ ಇಲ್ಲ, ಎಲ್ಲರೂ ತಮ್ಮ ನಡೆಗಳನ್ನು ಚೀಟಿಯಲ್ಲಿ ಗುಟ್ಟಾಗಿ ಬರೆದು ಒಟ್ಟಿಗೆ ಬಿಚ್ಚುತ್ತಾರೆ. ಬೆಂಬಲ ಇದ್ದರೆ ನಿಮ್ಮ ಬಲ 2, ಅವನದು 1. ಬೆಂಬಲ ಕೊಡುವವನ ಮೇಲೆ ಬೇರೆ ಕಡೆಯಿಂದ ದಾಳಿ ಆದರೆ, ಆ ದಾಳಿ ಸೋತರೂ ಬೆಂಬಲ ಮುರಿಯುತ್ತದೆ. ಆಗ 1ಕ್ಕೆ 1, ಇಬ್ಬರೂ ಇದ್ದಲ್ಲೇ. ನಾರ್ತ್ ಸೀಯಲ್ಲಿದ್ದವನೇ ಚುಚ್ಚಿದ್ದರೆ ಮುರಿಯುತ್ತಿರಲಿಲ್ಲ, ಅವನ ಮೇಲೇ ತಾನೇ ನಿಮ್ಮ ದಾಳಿ. ಪಕ್ಕದಲ್ಲಿ ಕೂತಿದ್ದ ಸ್ನೇಹಿತನ ಮೇಲೆ ಒಂದು ಕಣ್ಣಿಡಿ.

ಪ್ರಶ್ನೆ: ಮೂರು ಕದನ ಒಟ್ಟಿಗೆ ಇದ್ದಾಗ ಯಾವ ಹಡಗು ಎಲ್ಲಿಯದು ಅಂತ ಗೊಂದಲ ಆಗುತ್ತದೆ, ಏನು ಮಾಡಲಿ? (ಜಮಖಂಡಿ)

ಉತ್ತರ: ಮೂರು ಸ್ಟೀಲ್ ತಾಟು ಇಡಿ. ಒಂದೊಂದು ಕದನದ ಹಡಗು ಒಂದೊಂದು ತಾಟಿಗೆ. ನಮ್ಮ ಮನೆಯಲ್ಲಿ ಹಾಗೇ, ಊಟಕ್ಕೆ ಕರೆಯುವ ಮುಂಚೆ ಯುದ್ಧ ಮುಗಿಸಬೇಕು ಅನ್ನುವುದೊಂದೇ ಕರಾರು.