ಎರಡೂ ಕಡೆ ಕ್ಲಾಕ್ ಕೊಟ್ಟ ಮಾತ್ರಕ್ಕೆ ರಿಂಗ್ ಸೇಫ್ ಅಲ್ಲ, ತಮ್ಮಾ

ತಮ್ಮಾ, ನೀನು ಇಲ್ಲಿ ಹಾಕಿದ ಕ್ಲಾಕ್ ಸೆಟ್ಟಿಂಗಿನ ಸ್ಕ್ರೀನ್‌ಶಾಟ್ ನೋಡಿ ಎದೆ ಧಸಕ್ ಅಂದಿತು. ಬೆಳಗಾವಿ, ಲೋಕಾಪುರ, ಬಾಗಲಕೋಟೆ, ವಿಜಯಪುರ ಸೇರಿ ಎಸ್‌ಟಿಎಂ-16 ರಿಂಗ್, ಅಂದರೆ ನಾಲ್ಕು ಊರಿನ ಟೆಲಿಕಾಂ ಬಾಕ್ಸುಗಳನ್ನು (ನೋಡ್) ಸುತ್ತಾಗಿ ಜೋಡಿಸಿದ ಫೈಬರ್ ಜಾಲ. ಎಲ್ಲವೂ ಒಂದೇ ವೇಗದಲ್ಲಿ ಡೇಟಾ ಕಳಿಸಲು ಬೇಕಾದ ತಾಳವೇ ಕ್ಲಾಕ್. ಪಕ್ಕಾ ಕ್ಲಾಕ್ ಕೊಡುವ ಜಿಪಿಎಸ್ ಬೆಳಗಾವಿಯಲ್ಲಿ ಮಾತ್ರ. ಉಳಿದ ಮೂರರಲ್ಲೂ ವೆಸ್ಟ್ (ಪಟ್ಟಿಯಲ್ಲಿ ಹಿಂದಿನ ಊರಿನ ಕಡೆ) ಮೊದಲ ಪ್ರಯಾರಿಟಿ, ಈಸ್ಟ್ (ಮುಂದಿನ ಊರಿನ ಕಡೆ, ವಿಜಯಪುರಕ್ಕೆ ಬೆಳಗಾವಿ) ಎರಡನೇದು, ಎಸ್‌ಎಸ್‌ಎಂ (ತನ್ನ ಕ್ಲಾಕ್ ಎಷ್ಟು ಒಳ್ಳೇದು ಅಂತ ಪಕ್ಕದ ನೋಡಿಗೆ ಹೇಳುವ ಸಂದೇಶ) ಆಫ್. ಮೇಲೆ 'ಎರಡೂ ಕಡೆಯಿಂದ ಕ್ಲಾಕ್ ಇದೆ, ಚಿಂತೆ ಇಲ್ಲ' ಅಂತ ಬೇರೆ ಬರೆದಿದ್ದೀಯ. ಇದೇ ಸಾಲನ್ನು ನಾನೂ ಒಮ್ಮೆ ಲಾಗ್‌ಬುಕ್‌ನಲ್ಲಿ ಬರೆದಿದ್ದೆ.

ನಮ್ಮದೂ ಇದೇ ರೂಟು. ಬೆಳಗಾವಿ–ಲೋಕಾಪುರ ನಡುವೆ ಜೆಸಿಬಿ ಫೈಬರ್ ಕಿತ್ತಿತು. ಟ್ರಾಫಿಕ್ 50 ಮಿಲಿಸೆಕೆಂಡಿನೊಳಗೆ ಆ ಕಡೆ ತಿರುಗಿತು, ನಾವು ಚಹಾಕ್ಕೆ ಹೋದೆವು. ಆದರೆ ವೆಸ್ಟ್ ಕಳೆದುಕೊಂಡ ಲೋಕಾಪುರ ಬಾಗಲಕೋಟೆಯಿಂದ ಕ್ಲಾಕ್ ತಗೊಂಡಿತು, ಬಾಗಲಕೋಟೆ ಮೊದಲಿಂದಲೂ ಲೋಕಾಪುರವನ್ನೇ ನಂಬಿ ಕೂತಿತ್ತು. ಇವನ ವಾಚು ನೋಡಿ ಅವನು, ಅವನದು ನೋಡಿ ಇವನು ಟೈಮ್ ಇಟ್ಟುಕೊಂಡ ಹಾಗೆ. ಎರಡೂ ಕಡೆ 'ಲಾಕ್ಡ್', ಹಸಿರು. ಒಂದು ಅಲಾರಂ ಇಲ್ಲ! ವಿಜಯಪುರವೂ ಅವರ ಬಾಲ ಹಿಡಿಯಿತು. ಹಾಗಾಗಿ ಪಾಯಿಂಟರ್ ಜಸ್ಟಿಫಿಕೇಶನ್ ಕೌಂಟ್ (ಎರಡು ಕ್ಲಾಕ್ ಹೊಂದದೆ ಡೇಟಾವನ್ನು ಹಿಂದೆ ಮುಂದೆ ಜರುಗಿಸಿದ ಲೆಕ್ಕ) ಏರಿದ್ದು ಕಟ್ ಆದಲ್ಲಿ ಅಲ್ಲ, ವಿಜಯಪುರ–ಬೆಳಗಾವಿ ಲಿಂಕಿನಲ್ಲಿ. ನಾನು ದಡ್ಡ, ಏಪ್ರಿಲ್ ಬಿಸಿಲಲ್ಲಿ ಕೊಲ್ಹಾರ ಸೇತುವೆ ದಾಟಿ ವಿಜಯಪುರಕ್ಕೆ ಹೋಗಿ ಎರಡು ಲೈನ್ ಕಾರ್ಡ್ ಬದಲಿಸಿದೆ. ಕೌಂಟ್ ಏರುತ್ತಲೇ ಇತ್ತು. ಕೊನೆಗೆ ಹಳಬರೊಬ್ಬರು ಫೋನಿನಲ್ಲಿ, 'ಲೋಕಾಪುರ ಯಾರಿಂದ ಕ್ಲಾಕ್ ತಗೊಂಡಿದೆ, ಓದು' ಎಂದರು. ಓದುತ್ತಿದ್ದಂತೆ ನಾಲಿಗೆ ಕಚ್ಚಿಕೊಂಡೆ.

ಅಷ್ಟರಲ್ಲಿ ಬಾಗಲಕೋಟೆ ಎಕ್ಸ್‌ಚೇಂಜಿನಲ್ಲಿ ಸ್ಲಿಪ್ ಶುರು, ಅಂದರೆ ಕ್ಲಾಕ್ ಹೊಂದದೆ ಒಂದಿಡೀ ಫ್ರೇಮ್ (ಡೇಟಾದ ಕಂತೆ) ಬಿಟ್ಟುಹೋಗುವುದು ಇಲ್ಲವೇ ಎರಡು ಸಲ ಬರುವುದು. ಫ್ರೇಮ್ 125 ಮೈಕ್ರೊಸೆಕೆಂಡ್, ಕ್ಲಾಕ್ 4.6 ಪಿಪಿಎಂ (ಹತ್ತು ಲಕ್ಷಕ್ಕೆ 4.6 ಭಾಗ) ಸರಿದರೆ 27 ಸೆಕೆಂಡಿಗೊಂದು ಸ್ಲಿಪ್. ಎರಡೂ ಕಡೆ ಜಿ.811 ಅನ್ನೋ ಅತಿ ನಿಖರ ಮಟ್ಟದ ಕ್ಲಾಕ್ ಇದ್ದರೆ ತೀರಾ ಕೆಟ್ಟರೂ 72 ದಿನಕ್ಕೊಂದು. ಮಾತಿನಲ್ಲಿ ಟಕ್ ಅಂದರೆ ಯಾರೂ ಕೇಳಲ್ಲ, ಫ್ಯಾಕ್ಸ್ ಮಾತ್ರ ಅರ್ಧಕ್ಕೆ ನಿಲ್ಲುತ್ತದೆ.

ಎಸ್‌ಎಸ್‌ಎಂ ಆನ್ ಮಾಡು, ಇವತ್ತೇ. ಎಲ್ಲ ನೋಡಿನಲ್ಲೂ ಮಾಡು, ಒಂದು ಬಿಟ್ಟರೂ ಕೆಟ್ಟಿತು. ಆಗ ಬಾಗಲಕೋಟೆ ಲೋಕಾಪುರದ ಕಡೆ ಎಸ್1 ಬೈಟಿನಲ್ಲಿ (ಎಸ್‌ಎಸ್‌ಎಂ ಹೊರುವ ಜಾಗ) ಎಫ್ ಕಳಿಸುತ್ತದೆ, 'ನನ್ನಿಂದ ತಗೋಬೇಡ' ಅಂತ. ಕಟ್ ಆದರೆ ಲೋಕಾಪುರ ಹೋಲ್ಡ್‌ಓವರ್‌ಗೆ (ಹಳೇ ತಾಳ ನೆನಪಿಟ್ಟು ಸ್ವಂತ ಕ್ಲಾಕಿನಲ್ಲಿ ಓಡುವುದು) ಹೋಗಿ ಬಿ ಕಳಿಸುತ್ತದೆ, 'ನನ್ನದು ಸಾಧಾರಣ ಕ್ಲಾಕ್' ಅಂತ. ಆ ಬಿ ವಿಜಯಪುರ ಮುಟ್ಟಿದ ಕೂಡಲೇ ಅದು ಬೆಳಗಾವಿಯ 2 (ಅತ್ಯುತ್ತಮ ಕ್ಲಾಕ್ ಅನ್ನೋ ಗುರುತು) ನೋಡಿ ಆ ಕಡೆ ತಿರುಗುತ್ತದೆ, ಹಿಂದೆ ಬಾಗಲಕೋಟೆ, ಆಮೇಲೆ ಲೋಕಾಪುರ.

ಆದರೆ ಬೆಳಗಾವಿಯಲ್ಲಿ ಲೈನ್ ಕ್ಲಾಕನ್ನು (ಫೈಬರಿನಲ್ಲಿ ಪಕ್ಕದ ನೋಡಿನಿಂದ ಬರುವುದು) ಪಟ್ಟಿಗೇ ಸೇರಿಸಬೇಡ. ಜಿಪಿಎಸ್ ಹೋದರೆ ಅದು ವಿಜಯಪುರದಿಂದ ಬರುವ ತನ್ನದೇ 2 ಅನ್ನು ನಂಬುತ್ತದೆ, ಇಡೀ ರಿಂಗ್ ಗರಗರ ಸುತ್ತುತ್ತದೆ. ಅದನ್ನು ಎಸ್‌ಎಸ್‌ಎಂ ಹಿಡಿಯಲ್ಲ. ಹಾಗೇ ರಿಂಗಿನಲ್ಲಿ ಬಂದ ಇ1ನಿಂದ (ಕರೆ ಹೊರುವ 2 ಎಂಬಿಪಿಎಸ್ ಲೈನ್) ಎಕ್ಸ್‌ಚೇಂಜಿಗೆ ಕ್ಲಾಕ್ ಕೊಡಬೇಡ, ಪಾಯಿಂಟರ್ ಜಿಗಿತ ಅದರಲ್ಲಿ ಇರುತ್ತದೆ. 2 ಮೆಗಾಹರ್ಟ್ಜ್ ಔಟ್‌ಪುಟ್ ಪೋರ್ಟ್ ಇರುವುದು ಯಾಕೆ?

ನಿನ್ನ ಪೋಸ್ಟಿನ ಕೆಳಗೆ ಒಬ್ಬರು 'ತೇಜಸ್ ತೆಗೆದು ಹುವಾವೇ ಹಾಕಿ' ಅಂದಿದ್ದಾರೆ. ಸುಮ್ನೆ ಮಾತು. ಸೆಟ್ಟಿಂಗ್ ತಪ್ಪಿದರೆ ಯಾವ ಬಾಕ್ಸೂ ಇದನ್ನೇ ಮಾಡುತ್ತದೆ. ನನಗಂತೂ ತೇಜಸ್ ಇಷ್ಟ, ಬೆಂಗಳೂರಿನ ಕಂಪನಿ ಅನ್ನೋ ಅಭಿಮಾನ ಬೇರೆ.

ನಿನ್ನ ಇನ್ನೊಂದು ಫೋಟೊದಲ್ಲಿ ಪ್ಯಾಚ್ ಕಾರ್ಡ್ ತುದಿಗೆ ಕ್ಯಾಪ್ ಇಲ್ಲ, ನಮ್ಮ ಕಡೆ ಧೂಳು ಗೊತ್ತಲ್ವಾ? ಲಾಂಗ್ ಹಾಲ್ (ದೂರಕ್ಕೆ ಕಳಿಸುವ) ಪೋರ್ಟಿನ ಔಟನ್ನು ಅದರ ಇನ್ನಿಗೇ ಲೂಪ್ ಮಾಡುವಾಗ ಅಟೆನ್ಯುಯೇಟರ್ (ಬೆಳಕು ತಗ್ಗಿಸುವ ತುಂಡು) ಇಲ್ಲದೆ ಚುಚ್ಚಬೇಡ, ರಿಸೀವರ್ ಹೋದೀತು. ರಾತ್ರಿ ಟ್ರಾಫಿಕ್ ಕಮ್ಮಿ ಇದ್ದಾಗ ಬೆಳಗಾವಿ–ಲೋಕಾಪುರ ಲೇಸರ್ ಆಫ್ ಮಾಡಿ ನೋಡು, ಮೂರೂ ನೋಡಿನ ಎಸ್1 ಬರೆದುಕೊಂಡು ಇಲ್ಲಿ ಹಾಕು.