ಹಳೆಯ ಕಾಗದ: ನಿಮ್ಮ ಪ್ರಶ್ನೆ, ನನ್ನ ಉತ್ತರ

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮ ತಾತನ ಬಟ್ಟೆ ಅಂಗಡಿಯಿತ್ತು. ಅವರ ಕಿರ್ದಿ ಪುಸ್ತಕದ ಪುಟಗಳಲ್ಲಿ ಲಕ್ಷ್ಮಿ, ಕೃಷ್ಣ, ಹುಲಿ, ಆನೆಗಳ ಬಣ್ಣದ ಚೀಟಿಗಳನ್ನು ಅಂಟಿಸಿದ್ದಾರೆ. ಕೆಲವದರಲ್ಲಿ ಮ್ಯಾಂಚೆಸ್ಟರ್ ಎಂದಿದೆ. ಚೀಟಿಗಳನ್ನು ಬಿಡಿಸಿಕೊಟ್ಟರೆ ಎಲ್ಲವನ್ನೂ ಕೊಳ್ಳುವುದಾಗಿ ವ್ಯಾಪಾರಿಯೊಬ್ಬರು ಹೇಳುತ್ತಿದ್ದಾರೆ. ಬಿಡಿಸುವುದು ಹೇಗೆ? ಲ್ಯಾಮಿನೇಷನ್ ಮಾಡಿಸಲೇ?

ಉತ್ತರ: ದಯವಿಟ್ಟು ಎರಡನ್ನೂ ಮಾಡಬೇಡಿ. ಇವು ವಿಲಾಯಿತಿ ಬಟ್ಟೆಯ ತಾನುಗಳ ಮೇಲೆ ಅಂಟಿಸಿ ಬರುತ್ತಿದ್ದ ಮಾರ್ಕಿನ ಚೀಟಿಗಳು. ರ‍್ಯಾಲಿ ಬ್ರದರ್ಸ್, ಗ್ರಹಾಂ ಮುಂತಾದ ಕಂಪನಿಗಳು ತಮ್ಮ ತಮ್ಮ ಚಿತ್ರಗಳನ್ನು ಕಲ್ಲಚ್ಚಿನಲ್ಲಿ, ಅಂದರೆ ಕಲ್ಲಿನ ಮೇಲೆ ಚಿತ್ರ ಬರೆದು ಅಚ್ಚೊತ್ತುವ ವಿಧಾನದಲ್ಲಿ, ಹಾಕಿಸುತ್ತಿದ್ದವು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಇಂಗ್ಲಿಷ್ ಓದಲು ಬಾರದ ಗಿರಾಕಿಯೂ ಚಿತ್ರ ನೋಡಿಯೇ ಮಾಲು ಗುರುತಿಸುತ್ತಿದ್ದ.

ಬಿಡಿ ಚೀಟಿಗಳು ಮುಂಬಯಿಯ ಚೋರ್ ಬಜಾರಿನಲ್ಲಿ ಇವತ್ತಿಗೂ ಸಿಗುತ್ತವೆ. ನಿಮ್ಮ ಪುಸ್ತಕದಲ್ಲಿ ಅವುಗಳ ಪಕ್ಕದಲ್ಲೇ ತಾತನ ಕೈಬರಹವಿದೆ: ಮಾಲು ಬಂದ ತಾರೀಖು, ಗಜದ ದರ, ಬಾಕಿ. ಇಂಥ ಹುಲಿ ಇಂಥ ವರ್ಷ ದಾವಣಗೆರೆಗೆ ಬಂದಿತ್ತು ಎಂದು ಹೇಳುವುದು ಆ ಬರಹವೇ. ನೀರು ತಾಕಿಸಿ ಚೀಟಿ ಎಬ್ಬಿಸಿದಿರೋ, ಚಿತ್ರ ಮಾತ್ರ ಉಳಿಯುತ್ತದೆ, ಅದೂ ಬಣ್ಣ ಹರಡದೆ ಇದ್ದರೆ. ಆ ವ್ಯಾಪಾರಿಯನ್ನು ನಾನು ದೂರುವುದಿಲ್ಲ. ಒಂದು ಪುಸ್ತಕಕ್ಕೆ ಒಬ್ಬನೇ ಗಿರಾಕಿ, ನೂರು ಚೀಟಿಗೆ ನೂರು ಗಿರಾಕಿ. ಅವರ ಲೆಕ್ಕ ಅವರಿಗೆ ಸರಿ. ನಿಮ್ಮ ಲೆಕ್ಕ ಬೇರೆ.

ಲ್ಯಾಮಿನೇಷನ್ನಿನ ಬಿಸಿ ಅಂಟು ಕಾಗದದೊಳಗೆ ಇಳಿದರೆ ಮತ್ತೆ ತೆಗೆಯಲಾಗುವುದಿಲ್ಲ. ಹರಿದ ಅಂಚಿಗೆ ಸೆಲೋ ಟೇಪ್ ಹಚ್ಚುವ ಆಸೆಯೂ ಬೇಡ. ವರ್ಷಗಳು ಕಳೆದಂತೆ ಅದು ಹಳದಿ ಕಲೆ ಬಿಡುತ್ತದೆ. ಪುಟಗಳ ನಡುವೆ ಆಮ್ಲರಹಿತ ತೆಳುಕಾಗದ ಇಟ್ಟು, ಪುಸ್ತಕವನ್ನು ಮಲಗಿಸಿ ಕಪಾಟಿನಲ್ಲಿಡಿ. ಅಟ್ಟದ ಮೇಲೆ ಬೇಡ. ಹಿಟ್ಟಿನ ಅಂಟೆಂದರೆ ಹುಳುಗಳಿಗೆ ಹಬ್ಬದೂಟ, ಆಗಾಗ ತೆರೆದು ನೋಡಿ. ಮಾರಲೇಬೇಕೆಂದಿದ್ದರೆ ಪ್ರತಿ ಪುಟದ ಫೋಟೊ ತೆಗೆದು, ಇಡೀ ಪುಸ್ತಕಕ್ಕೆ ಇನ್ನಿಬ್ಬರ ಬಳಿಯಾದರೂ ಬೆಲೆ ಕೇಳಿ. ಕಣ್ಣಾರೆ ನೋಡದೆ ನಾನು ಬೆಲೆ ಹೇಳುವುದಿಲ್ಲ.

ಪ್ರಶ್ನೆ: ನಮ್ಮ ಮನೆಯ ಸರಸ್ವತಿ ಪಟದ ಕೆಳಗೆ ‘ರವಿವರ್ಮ ಪ್ರೆಸ್’ ಎಂದಿದೆ. ನಿಜವಾಗಿ ಹಳೆಯದೇ?

ಉತ್ತರ: ಹೆಸರೊಂದನ್ನೇ ನಂಬಬೇಡಿ. 1894ರಲ್ಲಿ ಮುಂಬಯಿಯಲ್ಲಿ ಶುರುವಾದ ಪ್ರೆಸ್ ಆಮೇಲೆ ಲೋಣಾವಳ ಬಳಿಯ ಮಳವಲಿಗೆ ಹೋಯಿತು, ಫ್ರಿಟ್ಜ್ ಶ್ಲೈಶರ್ ಎಂಬ ಜರ್ಮನ್ ಮುದ್ರಣಕಾರನ ಕೈಸೇರಿತು. ಅದೇ ಹೆಸರಿನಲ್ಲಿ ದಶಕಗಳ ಕಾಲ ಪಟಗಳು ಅಚ್ಚಾದವು. ದೇವಿಯ ಕೆನ್ನೆಯನ್ನು ಭೂತಗನ್ನಡಿಯಲ್ಲಿ ನೋಡಿ. ಚುಕ್ಕಿಗಳು ಅಳತೆಗೆ ಜೋಡಿಸಿದಂತೆ ಸಾಲಾಗಿದ್ದರೆ ಅದು ಈಚಿನ ಆಫ್‌ಸೆಟ್ ಯಂತ್ರದ ಮುದ್ರಣ. ಬಣ್ಣದ ಕಣಗಳು ಚಿಕ್ಕವು ದೊಡ್ಡವು ಬೆರೆತು ಚದುರಿದ್ದರೆ ಕಲ್ಲಚ್ಚು ಎನ್ನಬಹುದು. ಗಾಜಿಗೆ ಪಟ ಅಂಟಿಕೊಂಡಿದ್ದರೆ ಎಳೆಯಬೇಡಿ.

ಪ್ರಶ್ನೆ: ನೂರು ವರ್ಷ ದಾಟಿದ ಬೆಂಕಿಪೊಟ್ಟಣದ ಚೀಟಿಗಳನ್ನು ಲಂಡನ್ನಿನ ಸಂಗ್ರಾಹಕರಿಗೆ ಅಂಚೆಯಲ್ಲಿ ಕಳುಹಿಸಬಹುದೇ?

ಉತ್ತರ: ಹಾಗೇ ಲಕೋಟೆಗೆ ಹಾಕಿ ಕಳುಹಿಸಬೇಡಿ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ 100 ವರ್ಷ ತುಂಬಿದ ಕಲಾಕೃತಿಗಳನ್ನೂ, ಐತಿಹಾಸಿಕ ಅಥವಾ ಸಾಹಿತ್ಯಕ ಮಹತ್ವದ 75 ವರ್ಷ ತುಂಬಿದ ದಾಖಲೆಗಳನ್ನೂ ಖಾಸಗಿಯವರು ವಿದೇಶಕ್ಕೆ ಕಳುಹಿಸುವಂತಿಲ್ಲ. ನಿಮ್ಮ ಚೀಟಿ ಆ ಸಾಲಿಗೆ ಸೇರುತ್ತದೆಯೇ ಎಂಬುದನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಲ್ಲಿ ವಿಚಾರಿಸಿ, ಪ್ರಾಚ್ಯವಸ್ತುವಲ್ಲ ಎಂಬ ಪ್ರಮಾಣಪತ್ರ ಪಡೆದ ಮೇಲೆಯೇ ಕಳುಹಿಸಿ. ಅಷ್ಟು ಓಡಾಟ ಬೇಡವೆಂದರೆ ದೇಶದೊಳಗೇ ಮಾರಿ, ಬೆಂಕಿಪೊಟ್ಟಣದ ಹುಚ್ಚಿನವರು ಇಲ್ಲಿಯೂ ಸಾಕಷ್ಟು ಇದ್ದಾರೆ.